ಬೆನ್ನಿನ ನೀರು ತೆಗೆಸಲು ಹೆದರಬೇಕೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಮೂರು ವಾರಗಳಿಂದ ಸಂಜೆ ಸಣ್ಣ ಜ್ವರ, ತಲೆನೋವು, ಆಗಾಗ ವಾಂತಿ. ಟೈಫಾಯ್ಡ್ ಎಂದು ಔಷಧ ಕೊಡಿಸಿದೆವು. ಈಗ ಎರಡು ದಿನಗಳಿಂದ ಮಂಕಾಗಿದ್ದಾನೆ. ಟಿ.ಬಿ. ಮೆನಿಂಜೈಟಿಸ್ (ಮೆದುಳಿನ ಪೊರೆಯ ಟಿ.ಬಿ.) ಇರಬಹುದು, ಬೆನ್ನಿನ ನೀರು ತೆಗೆದು ನೋಡಬೇಕು ಎನ್ನುತ್ತಾರೆ ವೈದ್ಯರು. ಹಾಗೆ ಮಾಡಿದರೆ ಕಾಲಿನ ಸ್ವಾಧೀನ ಹೋಗುತ್ತದೆಂದು ಮನೆಯ ಹಿರಿಯರು ಒಪ್ಪುತ್ತಿಲ್ಲ. ಇದು ಗದ್ದೆಯ ಸೊಳ್ಳೆಯಿಂದ ಬರುವ ಮೆದುಳು ಜ್ವರವೇ? ಮಕ್ಕಳಿಗೆ ಅಂಟುತ್ತದೆಯೇ?
– ಹೆಸರು ಬೇಡ, ಗಂಗಾವತಿ

ಉತ್ತರ: ಸಂಚಿಕೆ ಅಚ್ಚಾಗುವವರೆಗೆ ಕಾಯುವ ಪ್ರಶ್ನೆ ಇದಲ್ಲವಾದ್ದರಿಂದ, ಇಂದೇ ಒಪ್ಪಿಗೆ ಕೊಡಿ ಎಂದು ನಿಮಗೆ ದೂರವಾಣಿಯಲ್ಲಿ ತಿಳಿಸಿದ್ದಾಗಿದೆ. ಇದೇ ಹೆದರಿಕೆ ಅನೇಕ ಮನೆಗಳಲ್ಲಿರುವುದರಿಂದ ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಎರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರಗಳ ಎಳೆಗಳು ಮಾತ್ರ. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ದ್ರವವಿದ್ದು, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಉತ್ಪತ್ತಿಯಾಗುವುದರಿಂದ, ಪರೀಕ್ಷೆಗೆ ತೆಗೆದಷ್ಟು ಕೆಲವು ಗಂಟೆಗಳಲ್ಲೇ ಮತ್ತೆ ತುಂಬಿಕೊಳ್ಳುತ್ತದೆ. ಆಮೇಲೆ ಕೆಲವರಿಗೆ ಎದ್ದು ಕುಳಿತಾಗ ತಲೆನೋವು ಬರುವುದುಂಟು. ನಿಮ್ಮ ತಮ್ಮ ಮಂಕಾಗಿರುವುದರಿಂದ ಮೊದಲು ತಲೆಯ ಸ್ಕ್ಯಾನ್ ಮಾಡಿಸಬಹುದು. ನೀರು ತೆಗೆಸಿದ ಬಳಿಕ ಕೈಕಾಲು ಸೋತವರನ್ನು ಹಿರಿಯರು ನಿಜವಾಗಿಯೇ ಕಂಡಿರಬಹುದು, ಆದರೆ ಟಿ.ಬಿ. ಮೆನಿಂಜೈಟಿಸ್ ಮೆದುಳಿನ ರಕ್ತನಾಳಗಳನ್ನೇ ಕಟ್ಟಿಸಿ ಲಕ್ವ ತರಬಲ್ಲದು. ಅಪವಾದ ಮಾತ್ರ ಸೂಜಿಗೆ ಬರುತ್ತದೆ.

ರೋಗದ ವೇಗವನ್ನು ಗಮನಿಸಿ. ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಉಲ್ಬಣಿಸುತ್ತದೆ. ಅಲ್ಲಿ ನೀರು ತೆಗೆಯುವುದು ತಡವಾಗುವಂತಿದ್ದರೆ ಆ್ಯಂಟಿಬಯಾಟಿಕ್ ಅನ್ನು ಮೊದಲೇ ಕೊಡಬೇಕು. ಜ್ವರ, ಬಿಗಿದ ಕತ್ತು, ಮಂಪರು ಮೂರೂ ಒಟ್ಟಿಗೆ ಕಂಡರಷ್ಟೇ ಮೆನಿಂಜೈಟಿಸ್ ಎಂದು ಕಾಯಬಾರದು, ಎಷ್ಟೋ ರೋಗಿಗಳಲ್ಲಿ ಮೂರೂ ಇರುವುದಿಲ್ಲ. ಹಸುಗೂಸಿನಲ್ಲಿ ಕತ್ತು ಬಿಗಿಯದೆಯೂ ಇರಬಹುದು. ಹಾಲು ಬಿಡುವುದು, ಎಡೆಬಿಡದ ಕಿರುಚಾಟ, ಉಬ್ಬಿದ ನೆತ್ತಿ ಇವೇ ಸುಳಿವು. ಟಿ.ಬಿ.ಯದು ವಾರಗಟ್ಟಲೆಯ ನಡಿಗೆ, ಹಾಗಾಗಿಯೇ ಅದನ್ನು ಟೈಫಾಯ್ಡ್ ಎಂದು ತಪ್ಪಾಗಿ ತಿಳಿಯುವುದು ಸುಲಭ. ದ್ರವದಲ್ಲಿ ಸಕ್ಕರೆ ಇಳಿದು, ಪ್ರೋಟೀನ್ ಏರಿ, ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿದ್ದರೆ ಟಿ.ಬಿ.ಯ ಶಂಕೆ ಬಲವಾಗುತ್ತದೆ. ದ್ರವದಲ್ಲಿ ಟಿ.ಬಿ. ರೋಗಾಣುವನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಟಿ.ಬಿ. ಇಲ್ಲವೆನ್ನಲಾಗದು, ವೈದ್ಯರು ಆಗಲೂ ಚಿಕಿತ್ಸೆ ಆರಂಭಿಸಿದರೆ ಅಚ್ಚರಿಪಡಬೇಡಿ.

ಮಾತ್ರೆಗಳು ಸಾಮಾನ್ಯವಾಗಿ 9ರಿಂದ 12 ತಿಂಗಳು, ಜೊತೆಗೆ ಮೊದಲ ವಾರಗಳಲ್ಲಿ ಸ್ಟೀರಾಯ್ಡ್. ತಲೆನೋವು ಹೋಯಿತೆಂದು ನಡುವೆ ನಿಲ್ಲಿಸುವುದು, ಸ್ಟೀರಾಯ್ಡ್ ಅನ್ನು ಒಮ್ಮೆಲೇ ಬಿಡುವುದು ಎರಡೂ ಅಪಾಯ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್ ಎಂಬ ಟಿ.ಬಿ. ಔಷಧದಿಂದ, ಅದಕ್ಕೆ ಗಾಬರಿ ಬೇಡ. ಕಣ್ಣು ಹಳದಿಯಾದರೆ ಅಥವಾ ದೃಷ್ಟಿ ಮಂಜಾದರೆ ಕೂಡಲೇ ವೈದ್ಯರನ್ನು ಕಾಣಬೇಕು.

ಮೆದುಳಿನ ಪೊರೆಯ ಟಿ.ಬಿ. ಇನ್ನೊಬ್ಬರಿಗೆ ಅಂಟುವುದಿಲ್ಲ, ಆದರೆ ತಮ್ಮನ ಶ್ವಾಸಕೋಶದಲ್ಲೂ ಟಿ.ಬಿ. ಇದ್ದರೆ ಕೆಮ್ಮಿನಿಂದ ಹರಡಬಹುದಾದ್ದರಿಂದ ಎದೆಯ ಎಕ್ಸ್‌ರೇ ಆಗಲಿ, ಮನೆಯವರ ತಪಾಸಣೆಯೂ ಆಗಲಿ.

ಸೊಳ್ಳೆಯಿಂದ ಬರುವ ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ಬೇರೆಯೇ ರೋಗ. ಹಂದಿ ಮತ್ತು ಬಕಜಾತಿಯ ಹಕ್ಕಿಗಳಲ್ಲಿರುವ ವೈರಸ್ಸನ್ನು ಗದ್ದೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ತರುತ್ತದೆ; ಹೆಚ್ಚಾಗಿ ಮಕ್ಕಳಲ್ಲಿ, ದಿನಗಳೊಳಗೆ, ವಿಪರೀತ ಜ್ವರ ಮತ್ತು ಫಿಟ್ಸ್‌ನೊಂದಿಗೆ ಬರುತ್ತದೆ. ಅದಕ್ಕೆ ನಿರ್ದಿಷ್ಟ ಔಷಧವಿಲ್ಲ, ಲಸಿಕೆಯಿದೆ. 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಕೊಡುತ್ತಾರೆ. ನಿಮ್ಮ ಮಕ್ಕಳ ತಾಯಿ ಕಾರ್ಡಿನಲ್ಲಿ ಎರಡೂ ದಾಖಲಾಗಿವೆಯೇ ಎಂದು ಆಶಾ ಕಾರ್ಯಕರ್ತೆಗೆ ತೋರಿಸಿ ಕೇಳಿ.