ಸಕ್ಕರೆ ಬಿಟ್ಟಿದ್ದೆ, ಬೆಲ್ಲ ಬಿಟ್ಟಿರಲಿಲ್ಲ

ಹೌದು, ಸಿಹಿ ಜಾಸ್ತಿ ತಿಂದರೆ ತೂಕ ಇಳಿಯುವುದಕ್ಕೆ ಅಡ್ಡಿಯಾಗುತ್ತದೆ. ಅನ್ನ ಬಿಟ್ಟಿದ್ದೀರಿ, ದಿನಾ ನಡೆಯುತ್ತೀರಿ, ಆದರೂ ತೂಕ ಇಳಿಯುತ್ತಿಲ್ಲ. ಸಿಹಿ ಜಾಸ್ತಿ ತಿನ್ನುವುದೇ ಕಾರಣವಾ, ಸಕ್ಕರೆ ಬದಲು ಬೆಲ್ಲ ಹಾಕಿಕೊಂಡರೆ ಪರವಾಗಿಲ್ವಾ ಅಂತ ಕೇಳಿದ್ದೀರಿ. ಆ ಕೊನೆಯ ಮಾತಿಗಾಗಿಯೇ ನಾನು ಉತ್ತರ ಬರೆಯಲು ಕೂತೆ. ನಾನೂ ಅದನ್ನೇ ನಂಬಿ ಒಂದು ವರ್ಷ ಕಳೆದುಕೊಂಡವಳು.

ನನ್ನದು ಮದ್ದೂರು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಮಿಷನ್ ಮುಂದೆ ಕೂತರೆ ಊಟಕ್ಕೆ ಬಿಟ್ಟು ಏಳುವುದು ಕಡಿಮೆ. ಎರಡನೇ ಹೆರಿಗೆ ಆದಮೇಲೆ ತೂಕ ಏರುತ್ತಾ ಹೋಗಿ 2021ರಲ್ಲಿ 78 ಕೆಜಿ ಆಯಿತು. ನನ್ನ ಎತ್ತರ 5 ಅಡಿ 2 ಇಂಚು. ಮಂಡಿ ನೋವು ಶುರುವಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ. ನಮ್ಮ ಅಪ್ಪನಿಗೆ ಆ ಕಾಯಿಲೆ ಇತ್ತು, ಕೊನೆಗೆ ಕಾಲಿನ ಬೆರಳು ತೆಗೆದಿದ್ದರು. ಹಾಗಾಗಿ ರಿಪೋರ್ಟ್ ಕೈಗೆ ಬಂದ ದಿನವೇ ಮನೆಗೆ ಬಂದು ಇನ್ನು ಸಕ್ಕರೆ ಮುಟ್ಟಲ್ಲ ಅಂದುಬಿಟ್ಟೆ.

ಮುಟ್ಟಲಿಲ್ಲ ಕೂಡ. ಬೆಳಿಗ್ಗೆ ಐದೂವರೆಗೆ ಎದ್ದು ನಾಲೆ ಏರಿ ಮೇಲೆ 5 ಕಿಲೋಮೀಟರ್ ನಡೆಯುತ್ತಿದ್ದೆ, ಮಳೆ ಬಂದರೆ ಮಾತ್ರ ರಜಾ. ರಾತ್ರಿ ಅನ್ನ ಬಿಟ್ಟೆ. ಬರೀ ಒಂದು ಬಟ್ಟಲು ಸಾರು, ಪಲ್ಯ. ಹೀಗೆ ಒಂದು ವರ್ಷ ಮಾಡಿದೆ. ತೂಕ 78ರಿಂದ 77 ಆಯಿತು. ದಿನವಿಡೀ ಬೇರೆಯವರ ಅಳತೆ ತೆಗೆಯುವವಳು ನಾನು, ನನ್ನ ಸೊಂಟಕ್ಕೆ ಟೇಪು ಸುತ್ತಿದರೆ ಯಾವಾಗಲೂ ಅದೇ 38 ಇಂಚು. ಥೈರಾಯ್ಡ್ ಇರಬಹುದು ಅಂತ ಅದನ್ನೂ ನೋಡಿಸಿದೆ, ನಾರ್ಮಲ್ ಬಂತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ "ಏನು ಮಾಡಿದರೂ ಇಳಿಯಲ್ಲ" ಅಂತ ಇದೆಯಲ್ಲ, ಆ ಸುಸ್ತು ನನಗೆ ಚೆನ್ನಾಗಿ ಗೊತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತವರಿನಲ್ಲಿ ಅಣ್ಣನದು ಆಲೆಮನೆ. ಚಿಕ್ಕವಳಿದ್ದಾಗಿನಿಂದ ಬೆಲ್ಲ ಅಂದರೆ ನನಗೆ ಮನೆಯದು, ಸಕ್ಕರೆ ಅಂದರೆ ಕಾರ್ಖಾನೆಯದು. ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆ ಇದ್ದರೂ ನಮ್ಮ ಕಡೆ ಹಿರಿಯರು ಬಾಣಂತಿಗೆ, ಸುಸ್ತಾದವರಿಗೆ, ಬಿಸಿಲಲ್ಲಿ ಬಂದವರಿಗೆ ಕೊಡುವುದು ಬೆಲ್ಲವನ್ನೇ. ಹಾಗಾಗಿ ಸಕ್ಕರೆ ಬಿಟ್ಟ ದಿನವೇ ಟೀಗೆ ಬೆಲ್ಲ ಹಾಕಲು ಶುರು ಮಾಡಿದೆ. ಹಾಲಿನ ಟೀ ಕುದಿಯುವಾಗ ಬೆಲ್ಲ ಹಾಕಿದರೆ ಎಷ್ಟೋ ಸಲ ಒಡೆಯುತ್ತದೆ, ಗೊತ್ತಲ್ವಾ? ಅದಕ್ಕೆ ಬೆಲ್ಲವನ್ನು ನೀರಲ್ಲಿ ಕರಗಿಸಿ, ಶೋಧಿಸಿ, ಪಾಕ ಮಾಡಿ ಒಂದು ಬಾಟಲಿಯಲ್ಲಿ ತುಂಬಿ ಇಟ್ಟಿದ್ದೆ. ಟೀ ಇಳಿಸಿದ ಮೇಲೆ ಲೋಟಕ್ಕೆ ಬಗ್ಗಿಸಿಕೊಳ್ಳುವುದು. ಸಕ್ಕರೆ ಹಾಕುವಾಗ ಚಮಚದ ಲೆಕ್ಕ ಇತ್ತು, ಒಂದು ಅಥವಾ ಎರಡು. ಬಾಟಲಿಗೆ ಲೆಕ್ಕವೇ ಇಲ್ಲ. ಜೊತೆಗೆ ಬೆಲ್ಲ ಸಕ್ಕರೆಯಷ್ಟು ಸಿಹಿ ಅನ್ನಿಸುವುದಿಲ್ಲ, ಇನ್ನೂ ಸ್ವಲ್ಪ ಅಂತ ಕೈ ತಾನಾಗೇ ಬಗ್ಗುತ್ತದೆ. ದಿನಕ್ಕೆ ಐದು ಟೀ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಒಂದು ದೊಡ್ಡ ಚಮಚ ಜೇನುತುಪ್ಪ, ಕೊಬ್ಬು ಕರಗುತ್ತೆ ಅಂತ ಯಾರೋ ಹೇಳಿದ್ದು. ರಾತ್ರಿ ಅನ್ನ ಬಿಟ್ಟಿದ್ದರಿಂದ ಹನ್ನೊಂದು ಗಂಟೆಗೆ ಹಸಿವು, ಆಗ ಒಂದು ಹಿಡಿ ಕಡಲೆಬೀಜ, ಒಂದು ಚೂರು ಬೆಲ್ಲ. ಇದೆಲ್ಲ ನನ್ನ ಲೆಕ್ಕದಲ್ಲಿ ತಿಂಡಿ ಆಗಿರಲೇ ಇಲ್ಲ, ಔಷಧಿ ಆಗಿತ್ತು.

ಗೊತ್ತಾಗಿದ್ದು ಅತ್ತಿಗೆಯಿಂದ. ಯುಗಾದಿಗೆ ತವರಿಗೆ ಹೋದಾಗ 6 ಕೆಜಿ ಅಚ್ಚು ಬೆಲ್ಲ ಕೊಟ್ಟು ಕಳಿಸಿದ್ದರು. ಎರಡು ತಿಂಗಳಿಗೆ ಫೋನ್ ಮಾಡಿ ಬೆಲ್ಲ ಮುಗೀತು, ಕಳಿಸಿ ಅಂದೆ. "ಅಲ್ಲ ಕಣೆ, ಮನೇಲಿ ಏನಾದ್ರೂ ಫಂಕ್ಷನ್ ಮಾಡಿದ್ರಾ? ನಾವು ಆರು ಜನ ಇದ್ದೀವಿ, ಅಷ್ಟು ಬೆಲ್ಲ ನಮಗೆ ಮೂರು ತಿಂಗಳು ಬರುತ್ತೆ" ಅಂದರು. ಅವರು ಸುಮ್ನೆ ಕೇಳಿದ್ದು, ಬೈದಿದ್ದಲ್ಲ. ನನಗೆ ಮಾತು ಹೊರಡಲಿಲ್ಲ. ನಮ್ಮ ಮನೆಯಲ್ಲಿ ಯಜಮಾನರು, ಮಕ್ಕಳು ಎಲ್ಲರೂ ಸಕ್ಕರೆಯದೇ ಕುಡಿಯುವುದು. ಸಾರಿಗೆ, ಗೊಜ್ಜಿಗೆ ಒಂದು ಕೆಜಿ ಹೋಗಿರಬಹುದು. ಮಿಕ್ಕ ಐದು ಕೆಜಿ ನಾನೊಬ್ಬಳೇ ತಿಂದಿದ್ದೆ.

ಮಾರನೇ ದಿನ ಪಕ್ಕದ ದಿನಸಿ ಅಂಗಡಿಯಲ್ಲಿ ಅರ್ಧ ಕೆಜಿ ಬೆಲ್ಲ ತೂಗಿಸಿ ತಂದು ಪಾಕ ಮಾಡಿದೆ. ಬಾಟಲಿ ಎಷ್ಟು ದಿನ ಬರುತ್ತೆ ಅಂತ ಕ್ಯಾಲೆಂಡರ್ ಮೇಲೆ ಗೀಟು ಹಾಕಿದೆ. ಸರಿಯಾಗಿ ಏಳು ದಿನ. ಅಂದರೆ ಟೀಗೆ ಮಾತ್ರ ದಿನಕ್ಕೆ 70 ಗ್ರಾಂ. ರಾತ್ರಿಯ ಚೂರು ಸೇರಿಸಿದರೆ 85ರ ಹತ್ತಿರ. 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕ್ಯಾಲೊರಿ ಇರುತ್ತದೆ, ಸಕ್ಕರೆಯಲ್ಲಿ 400ರ ಹತ್ತಿರ. ವ್ಯತ್ಯಾಸ ಅಷ್ಟೇ! ಜೇನಿನದೂ ಸೇರಿ ನಾನು ದಿನಕ್ಕೆ 400 ಕ್ಯಾಲೊರಿಯ ಹತ್ತಿರ ಬರೀ ಸಿಹಿಯಿಂದ ತೆಗೆದುಕೊಳ್ಳುತ್ತಿದ್ದೆ. ನನ್ನ ತೂಕಕ್ಕೆ 5 ಕಿಲೋಮೀಟರ್ ನಡೆದರೆ ಖರ್ಚಾಗುವುದು 250ರ ಆಸುಪಾಸು. ಬೆಳಿಗ್ಗೆ ನಾಲೆ ಏರಿ ಮೇಲೆ ಸುರಿಸಿದ ಬೆವರೆಲ್ಲ ಮಧ್ಯಾಹ್ನದ ಮೂರನೇ ಟೀ ಹೊತ್ತಿಗೆ ವಾಪಸ್ ಬಂದಿರುತ್ತಿತ್ತು.

ಆಲೆಮನೆಯಲ್ಲಿ ಬೆಳೆದವಳಿಗೆ ಇದು ತಿಳಿಯಬೇಕಿತ್ತು, ಅದೇ ನನ್ನ ಸಂಕಟ. ಕೊಪ್ಪರಿಗೆಯಲ್ಲಿ ಕುದಿಯುವುದು ಕಬ್ಬಿನ ಹಾಲು. ಕಾರ್ಖಾನೆಯಲ್ಲಿ ಕುದಿಯುವುದೂ ಅದೇ ಹಾಲು. ಅಲ್ಲಿ ಹರಳು ಕಟ್ಟಿಸಿ ಕಾಕಂಬಿಯನ್ನು ಬೇರೆ ಮಾಡುತ್ತಾರೆ, ಇಲ್ಲಿ ಬೇರೆ ಮಾಡದೆ ಅಚ್ಚಿಗೆ ಹೊಯ್ಯುತ್ತಾರೆ. ಹಾಗಾಗಿ ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಸ್ವಲ್ಪ ಖನಿಜ ಉಳಿಯುತ್ತದೆ, ನಿಜ. ಆದರೆ ಬಹುಪಾಲು ಸಕ್ಕರೆಯೇ. ಕಬ್ಬಿಣಕ್ಕೆ ಅಂತ ಬೆಲ್ಲ ತಿನ್ನುವ ಬದಲು ಸೊಪ್ಪು, ಹುರುಳಿಕಾಳು ತಿನ್ನಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿನಿಂದ ಸೇರಿಸುವ ಸಿಹಿ ದಿನದ ಕ್ಯಾಲೊರಿಯ 10 ಶೇಕಡಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು ಅಂತ. 5 ಶೇಕಡ ಅಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ. ಜೇನು, ಹಣ್ಣಿನ ಜ್ಯೂಸ್ ಕೂಡ ಈ ಲೆಕ್ಕದ ಒಳಗೇ ಬರುತ್ತದೆ. ಇಡೀ ಹಣ್ಣು ಕಚ್ಚಿ ತಿಂದರೆ ಬರುವುದಿಲ್ಲ.

ಹಾಗಂತ ಸಕ್ಕರೆಗೆ ಕೊಬ್ಬು ಬೆಳೆಸುವ ಬೇರೆ ಶಕ್ತಿ ಏನೋ ಇದೆ ಅಂದುಕೊಳ್ಳಬೇಡಿ. ಒಟ್ಟು ತಿನ್ನುವುದು ಖರ್ಚಿಗಿಂತ ಕಡಿಮೆ ಇದ್ದರೆ ಸ್ವಲ್ಪ ಸಿಹಿ ತಿಂದರೂ ತೂಕ ಇಳಿಯುತ್ತದೆ. ತೊಂದರೆ ಏನೆಂದರೆ ಸಿಹಿ ಹೊಟ್ಟೆ ತುಂಬಿಸುವುದಿಲ್ಲ, ಅದರಲ್ಲೂ ಕುಡಿಯುವ ಸಿಹಿ. 400 ಕ್ಯಾಲೊರಿಯ ಮುದ್ದೆ, ಸೊಪ್ಪಿನ ಸಾರು ಉಂಡರೆ ಸಂಜೆವರೆಗೆ ಹಸಿವಾಗಲ್ಲ. ಅದೇ 400 ಟೀಯಲ್ಲಿ ಹೋದರೆ ಹೋಗಿದ್ದೇ ಗೊತ್ತಾಗಲ್ಲ.

ಆದ್ದರಿಂದ ನೀವು ಅನ್ನ ಬಿಟ್ಟಿದ್ದು ನನಗೆ ಒಪ್ಪಿಗೆಯಿಲ್ಲ. ಮೊದಲು ಅದನ್ನು ವಾಪಸ್ ತನ್ನಿ, ಅಳತೆಯಲ್ಲಿ. ಒಂದು ಕಪ್ ಅನ್ನ, ಅದರ ಎರಡರಷ್ಟು ಪಲ್ಯ, ಬೇಳೆಯೋ ಕಾಳೋ ಮೊಟ್ಟೆಯೋ. ಹೊಟ್ಟೆ ತುಂಬಿದರೆ ರಾತ್ರಿ ಡಬ್ಬಿ ಹುಡುಕುವುದು ನಿಲ್ಲುತ್ತದೆ. ನನಗೆ ನಿಂತಿತು. "ಸಕ್ಕರೆ ಬದಲು ಏನು" ಅನ್ನುವ ಯೋಚನೆಯನ್ನೇ ಬಿಟ್ಟುಬಿಡಿ. ಬದಲಿಗೆ ಏನೂ ಬೇಡ, ಸಿಹಿಯನ್ನೇ ಕಡಿಮೆ ಮಾಡಿ. ನಾನು ಬಾಟಲಿ ಎಸೆದು ಚಮಚ ಹಿಡಿದೆ. ಐದು ಟೀ ಇದ್ದದ್ದು ಮೂರಾಯಿತು, ಆಮೇಲೆ ಎರಡು. ಎರಡು ಚಮಚದಿಂದ ಒಂದೂವರೆ, ಒಂದು. ಮೊದಲ ಹತ್ತು ದಿನ ಟೀ ಕಷಾಯದ ಹಾಗೆ ಅನ್ನಿಸಿತು, ತಲೆನೋವೂ ಬಂತು. ಒಂದು ತಿಂಗಳಿಗೆ ನಾಲಿಗೆ ಹೊಂದಿಕೊಂಡಿತು. ಈಗ ಬೇರೆಯವರ ಮನೆ ಟೀ ಕುಡಿದರೆ ಪಾಯಸ ಕುಡಿದ ಹಾಗಿರುತ್ತದೆ. ಜೇನು ನೀರು ನಿಲ್ಲಿಸಿದೆ. ಹಬ್ಬದ ಒಬ್ಬಟ್ಟು ಬಿಟ್ಟಿಲ್ಲ, ಬಿಡುವುದೂ ಇಲ್ಲ. ತೂಕ ಏರಿಸಿದ್ದು ವರ್ಷಕ್ಕೆ ನಾಲ್ಕು ಸಲದ ಒಬ್ಬಟ್ಟಲ್ಲ, ದಿನಾ ಐದು ಲೋಟ ಟೀ.

ನಡಿಗೆ ಅದೇ 5 ಕಿಲೋಮೀಟರ್. ಏಳು ತಿಂಗಳಿಗೆ 77ರಿಂದ 71.5ಕ್ಕೆ ಬಂದೆ. ಸೊಂಟ 35 ಇಂಚು, ನನ್ನ ಬ್ಲೌಸುಗಳನ್ನೆಲ್ಲ ನಾನೇ ಬಿಚ್ಚಿ ಹೊಲಿದೆ. ಎಚ್‌ಬಿಎ1ಸಿ 5.6.

ಒಂದು ಎಚ್ಚರಿಕೆ. ನೀವು ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಸಿಹಿಯನ್ನು ದಿಢೀರ್ ಅಂತ ನಿಲ್ಲಿಸಬೇಡಿ, ಶುಗರ್ ತೀರಾ ಇಳಿದು ತಲೆಸುತ್ತು ಬರಬಹುದು. ಡಾಕ್ಟರಿಗೆ ಹೇಳಿ ಮಾಡಿ. ಹೇಳುವಾಗ ಬೆಲ್ಲದ ಲೆಕ್ಕವನ್ನೂ ಹೇಳಿ. ಸಕ್ಕರೆ ತಿಂತೀರಾ ಅಂತ ಅವರು ಕೇಳಿದಾಗ ಇಲ್ಲ ಅಂದಿದ್ದೆ ನಾನು.

ಈ ವಾರ ಒಂದು ಕೆಲಸ ಮಾಡಿ. ನಿಮಗೆ ಅಂತಲೇ ಬೇರೆ ಡಬ್ಬಿಯಲ್ಲಿ ಅರ್ಧ ಕೆಜಿ ಸಕ್ಕರೆಯೋ ಬೆಲ್ಲವೋ ತೂಗಿ ಇಟ್ಟುಕೊಂಡು, ನಿಮ್ಮ ಟೀ, ಕಾಫಿ, ಹಾಲು ಎಲ್ಲಕ್ಕೂ ಅದರಿಂದಲೇ ಹಾಕಿಕೊಳ್ಳಿ. ತಿನ್ನುವ ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಸಕ್ಕರೆ ಎಷ್ಟು ಗ್ರಾಂ ಅಂತ ನೋಡಿ ಬರೆದಿಡಿ. ಏಳನೇ ದಿನ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ತೂಗಿ ನನಗೆ ಹೇಳಿ, ಲೆಕ್ಕ ನಾನು ಹಾಕಿಕೊಡುತ್ತೇನೆ.