ಸಾಲಕ್ಕಿಂತ ಮೊದಲು ಜಾಗ

ಬಸ್ ನಿಲ್ದಾಣದ ಎದುರು ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಮಾರುವ ಓದುಗರೊಬ್ಬರ ಪತ್ರ ಬಂದಿದೆ. ಹನ್ನೊಂದು ವರ್ಷ ಒಂದೇ ಕಡೆ ನಿಂತವರು ಅವರು. ಕಳೆದ ತಿಂಗಳು ನಗರಸಭೆಯವರು ಮುನ್ಸೂಚನೆಯಿಲ್ಲದೆ ಬಂದು ಗಾಡಿ, ಒಲೆ, ಬಾಣಲೆ ಎಲ್ಲವನ್ನೂ ಹೊತ್ತೊಯ್ದರು. “ಒಂದು ಕೈಯಲ್ಲಿ ಸಾಲ ಕೊಡುತ್ತಾರೆ, ಇನ್ನೊಂದು ಕೈಯಲ್ಲಿ ಗಾಡಿ ಎತ್ತುತ್ತಾರೆ. ನಗರಸಭೆಯಿಂದ ನಮಗೆ ನಿಜವಾಗಿ ಆಗಬೇಕಾದದ್ದೇನು?” ಎಂದು ಕೇಳಿದ್ದಾರೆ.

ಮಾನ್ಯರೇ,

ಆಗಬೇಕಾದದ್ದು ಒಂದೇ: ಇಂದು ನಿಂತ ಜಾಗದಲ್ಲಿ ನಾಳೆಯೂ ನಿಲ್ಲಬಹುದೆಂಬ ಧೈರ್ಯ. ಮಿಕ್ಕದ್ದೆಲ್ಲ ಆಮೇಲಿನ ಮಾತು.

ಸಾಲ ಬೇಡವೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಒಂಬೈನೂರು ಪಡೆದು ಸಂಜೆ ಸಾವಿರ ಕಟ್ಟುವ ಮೀಟರ್ ಬಡ್ಡಿ ಎಂಥದ್ದೆಂದು ತಮಗೆ ನಾನು ವಿವರಿಸಬೇಕಿಲ್ಲ. 2018ರಲ್ಲಿ ನಮ್ಮ ರಾಜ್ಯ ಬೀದಿ ವ್ಯಾಪಾರಿಗಳಿಗೆಂದು ‘ಬಡವರ ಬಂಧು’ ಸಾಲ ಯೋಜನೆ ತಂದಿತು. 2020ರಲ್ಲಿ ಕೇಂದ್ರದ ‘ಸ್ವನಿಧಿ’ ಸಾಲ ಯೋಜನೆ ಬಂದು, ಜಾಮೀನಿಲ್ಲದೆ ಮೊದಲ ಕಂತಿಗೆ 10,000 ರೂಪಾಯಿ ಕೊಟ್ಟಿತು. ಆದರೆ ಆ ಹಣದಲ್ಲಿ ಕೊಂಡ ಬಾಣಲೆಯೇ ನಗರಸಭೆಯ ಉಗ್ರಾಣ ಸೇರಿದರೆ ವ್ಯಾಪಾರಿಗೆ ಉಳಿಯುವುದು ತೀರಿಸಬೇಕಾದ ಕಂತು ಮಾತ್ರ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ, 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯೇ ಸಾಕು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. ಆಮೇಲೆ ಎಬ್ಬಿಸುವುದಿದ್ದರೂ ಮೂವತ್ತು ದಿನಗಳ ನೋಟಿಸ್ ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಕೈಗಿಡಬೇಕು. ಕೇಳಿದಾಗ ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಎಡೆಮಾಡಿಕೊಡಬೇಕೆಂಬ ಲೆಕ್ಕವೂ ಅದರಲ್ಲಿದೆ. ಎರಡು ಲಕ್ಷ ಜನರ ಊರಿನಲ್ಲಿ ಐದು ಸಾವಿರ ಮಂದಿ ಎಂದಾಯಿತು.

ಎಲ್ಲಿ ನಿಲ್ಲಬಹುದು, ಎಲ್ಲಿ ಬೇಡ ಎಂಬ ಯೋಜನೆಯಲ್ಲಿ ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯ ಮಾತು ನಡೆಯಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮಿತಿ ಹೆಸರಿಗಷ್ಟೇ ಇದ್ದರೆ ಜಾಗ ಗೊತ್ತುಮಾಡುವುದು ಕಚೇರಿಯೊಳಗೆ ಕುಳಿತವರು. ಆಗಲೇ ಊರಾಚೆಯ ವಾಣಿಜ್ಯ ಸಂಕೀರ್ಣದ ಎರಡನೇ ಮಹಡಿಯಲ್ಲಿ ಸೊಪ್ಪಿನ ಮಳಿಗೆ ತಲೆಯೆತ್ತುವುದು. ಒಂದು ಕಟ್ಟು ಮೆಂತ್ಯಕ್ಕಾಗಿ ಮೆಟ್ಟಿಲು ಹತ್ತುವವರನ್ನು ನಾನಂತೂ ಕಂಡಿಲ್ಲ. ಗಿರಾಕಿಯ ಕಾಲು ಹರಿಯುವಲ್ಲಿ ವ್ಯಾಪಾರ. ಇದನ್ನರಿಯದೆ ಕಟ್ಟಿದ ಮಳಿಗೆಗಳ ಬಾಗಿಲು ತುಕ್ಕು ಹಿಡಿಯುತ್ತದೆ, ವ್ಯಾಪಾರಿ ಮತ್ತೆ ಬೀದಿಗೆ ಬರುತ್ತಾನೆ.

ಪಾದಚಾರಿಗಳ ದೂರೂ ಸುಳ್ಳಲ್ಲ. ಗಾಡಿಗಳಿಗೆ ಹೆದರಿ ರಸ್ತೆಗಿಳಿದು ನಡೆದು ನಾನೇ ಗೊಣಗಿದ್ದೇನೆ, ಹಿಂದಿರುಗುವಾಗ ಅದೇ ಗಾಡಿಯಲ್ಲಿ ಬಜ್ಜಿ ತಿಂದದ್ದೂ ಉಂಟು. ಇಷ್ಟಕ್ಕೆ ನೆಲದ ಮೇಲೆ ಬಣ್ಣದ ಗೆರೆ ಎಳೆದು ಗಾಡಿಗಿಷ್ಟು, ನಡೆಯುವವರಿಗಿಷ್ಟು ಎಂದು ಗುರುತು ಮಾಡಿದರೆ ಬಹುಪಾಲು ಜಗಳ ಮುಗಿಯುತ್ತದೆ. ಜೊತೆಗೊಂದು ನಲ್ಲಿ, ದೀಪ, ಕಸದ ಡಬ್ಬಿ, ಹೆಂಗಸರಿಗೆ ಶೌಚಾಲಯ ಬೇಕು. ಈ ಖರ್ಚು ಸಂಕೀರ್ಣದ ಶಂಕುಸ್ಥಾಪನೆಯ ಶಾಮಿಯಾನಕ್ಕಿಂತ ಬಹಳ ಹೆಚ್ಚೇನೂ ಆಗಲಾರದು.

ಸದ್ಯಕ್ಕೆ ತಾವು ಪೌರಾಯುಕ್ತರಿಗೆ ಲಿಖಿತ ಅರ್ಜಿ ಕೊಡಿ. ವಶಪಡಿಸಿಕೊಂಡ ಸಾಮಾನಿನ ಪಟ್ಟಿ ಎಲ್ಲಿ, ನೋಟಿಸ್ ಎಲ್ಲಿ, ಸಮೀಕ್ಷೆಯಲ್ಲಿ ನನ್ನ ಹೆಸರಿದೆಯೇ, ಸಮಿತಿ ಕೊನೆಯದಾಗಿ ಸೇರಿದ್ದು ಯಾವಾಗ ಎಂದು ಕೇಳಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಅಕ್ಕಪಕ್ಕದ ಗಾಡಿಯವರೂ ಜೊತೆಗೆ ಸಹಿ ಹಾಕಲಿ. ಉತ್ತರ ಬಂದರೂ ಬಾರದಿದ್ದರೂ ನಮಗೊಂದು ಪ್ರತಿ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ