ದಾವಣಗೆರೆಯಿಂದ ಜರ್ಮನಿಯ ಲ್ಯಾಂಡ್‌ಲೈನಿಗೆ ಕಮ್ಮಿ ಖರ್ಚಿನಲ್ಲಿ ಫೋನ್ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅವಳ ಹಾಸ್ಟೆಲ್ ಆಫೀಸಿಗೆ, ಇನ್ಶೂರೆನ್ಸ್‌ನವರಿಗೆ ನೀವು ದಾವಣಗೆರೆಯಿಂದ ಆಗಾಗ ಫೋನ್ ಮಾಡಬೇಕು. ಎರಡೇ ಕರೆಗೆ ಬ್ಯಾಲೆನ್ಸ್ ಖಾಲಿ ಆಯ್ತು, ಸ್ಕೈಪ್ ಕೂಡ ಮುಚ್ಚಿದೆ, ಈಗ ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಇದೇ ಊರಿನವಳು, ವಿದ್ಯಾನಗರದಲ್ಲಿದ್ದೇನೆ. ತಮ್ಮ ಶಾರ್ಜಾದಲ್ಲಿದ್ದಾನೆ, ಚಿಕ್ಕಮ್ಮ ನ್ಯೂಜೆರ್ಸಿಯಲ್ಲಿ. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಐಎಸ್‌ಡಿ ಬೂತಿನಲ್ಲಿ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ ಅವಸರದಲ್ಲಿ ಮಾತು ಮುಗಿಸಿದ ಕಾಲದಿಂದ ಈ ಲೆಕ್ಕ ಹಾಕುತ್ತಾ ಬಂದಿದ್ದೇನೆ.

ಮೊದಲು ಒಂದು ವಿಷಯ. ಮಗಳ ಜೊತೆ ಮಾತಾಡಲು ನೀವು ದುಡ್ಡು ಕೊಡಬೇಕಾಗಿಲ್ಲ, ವಾಟ್ಸಾಪ್ ಸಾಕು. ಆದರೆ ವಾಟ್ಸಾಪ್‌ನಿಂದ ಸಾಮಾನ್ಯ ಲ್ಯಾಂಡ್‌ಲೈನಿಗೆ ಕರೆ ಹೋಗುವುದಿಲ್ಲ. ಆ ಕಡೆಯವರ ಬಳಿಯೂ ಆ್ಯಪ್ ಇರಬೇಕು. ನಿಮ್ಮ ತೊಂದರೆ ಇರುವುದು ಅಲ್ಲೇ ಅಲ್ವಾ? ಅದಕ್ಕೆ ಬೇಕಿರುವುದು ಇಂಟರ್ನೆಟ್‌ನಿಂದ ಹೊರಟು ಆ ದೇಶದ ಫೋನ್ ಲೈನಿಗೆ ಸೇರುವ ಸೇವೆ. ವೈಬರ್ ಔಟ್ ಇಂಥದ್ದು. ಸ್ಕೈಪ್ ಕೂಡ ಇದನ್ನೇ ಮಾಡುತ್ತಿತ್ತು, 2025ರ ಮೇ 5ಕ್ಕೆ ನಿಂತುಹೋಯಿತು. ಇದು ಕಾನೂನಿಗೆ ಸರಿಯೋ ಇಲ್ಲವೋ ಅಂತ ಹೆದರುವವರಿದ್ದಾರೆ. ನಮ್ಮಲ್ಲಿ ಕಂಪ್ಯೂಟರ್‌ನಿಂದ ಹೊರದೇಶದ ಫೋನಿಗೆ ಕರೆ ಮಾಡಲು 2002ರ ಏಪ್ರಿಲ್‌ನಲ್ಲೇ ಅನುಮತಿ ಸಿಕ್ಕಿತು.

ಸೇವೆ ಆರಿಸುವಾಗ ಜಾಹೀರಾತಿನ ದೊಡ್ಡ ಅಂಕಿ ನೋಡಬೇಡಿ. ನೀವು ಕರೆ ಮಾಡುವ ದೇಶ, ಅಲ್ಲಿನ ನಂಬರ್ ಹಾಕಿ ದರ ನೋಡಿ. ಜರ್ಮನಿಯಲ್ಲಿ ಲ್ಯಾಂಡ್‌ಲೈನಿಗೆ ಒಂದು ದರ, ಮೊಬೈಲಿಗೆ ಇನ್ನೊಂದು. ಸಾಮಾನ್ಯವಾಗಿ ಮೊಬೈಲಿಗೇ ಜಾಸ್ತಿ. ಅಲ್ಲಿ 015, 016, 017ರಿಂದ ಶುರುವಾಗುವುದು ಮೊಬೈಲ್, 089 ಅಂದರೆ ಮ್ಯೂನಿಕ್‌ನ ಲ್ಯಾಂಡ್‌ಲೈನ್. ಒಂದೇ ಆಫೀಸಿಗೆ ಎರಡೂ ನಂಬರ್ ಇದ್ದರೆ ಲ್ಯಾಂಡ್‌ಲೈನೇ ಹಿಡಿಯಿರಿ. ಅಮೆರಿಕದ ಕಥೆ ಬೇರೆ. ಅಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ದರ.

ಇನ್ನೊಂದು, ಕರೆ ಸೇರಿದ ತಕ್ಷಣ ಕೆಲವರು ಪ್ರತ್ಯೇಕ ಶುಲ್ಕ ಹಿಡಿಯುತ್ತಾರೆ. ನಿಮಿಷಕ್ಕೆ 2 ರೂಪಾಯಿ, ಸೇರಿದ್ದಕ್ಕೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ನಿಮಿಷದ ಕರೆಗೆ 7 ರೂಪಾಯಿ ಆಯ್ತು. ಹಾಕಿದ ದುಡ್ಡಿಗೆ ಅವಧಿ ಇದೆಯಾ ಅಂತಲೂ ನೋಡಿ. ಸ್ಕೈಪ್ ಇದ್ದಾಗ 180 ದಿನ ಮುಟ್ಟದಿದ್ದರೆ ಕ್ರೆಡಿಟ್ ಮಲಗಿಬಿಡುತ್ತಿತ್ತು, ಮತ್ತೆ ಎಬ್ಬಿಸಬೇಕಿತ್ತು. ಹಾಗಾಗಿ ಮೊದಲು ಅತಿ ಕಮ್ಮಿ ಮೊತ್ತ ಹಾಕಿ, ಒಂದು ಕರೆ ಮಾಡಿ, ಎಷ್ಟು ಕಟ್ ಆಯ್ತು ಅಂತ ನೋಡಿ. ದುಡ್ಡು ಕಟ್ಟುವಾಗ ಕಾರ್ಡ್ ಒಪ್ಪದಿದ್ದರೆ ಗಾಬರಿ ಬೇಡ. ನಮ್ಮ ಕಾರ್ಡುಗಳಲ್ಲಿ ಹೊರದೇಶದ ವ್ಯವಹಾರ ಮುಚ್ಚಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ತೆರೆದು, ಕೆಲಸ ಆದ ಮೇಲೆ ಮತ್ತೆ ಮುಚ್ಚಿ.

ನಿಮ್ಮ ವಿಷಯದಲ್ಲಿ ನಿಜವಾದ ಖರ್ಚು ದರದ್ದಲ್ಲ, ಕಾಯುವುದರದ್ದು. ಇನ್ಶೂರೆನ್ಸ್‌ನವರು ಸಂಗೀತ ಹಾಕಿ ಇಪ್ಪತ್ತು ನಿಮಿಷ ಕೂರಿಸಿದರೆ ಆ ಇಪ್ಪತ್ತು ನಿಮಿಷಕ್ಕೂ ನೀವೇ ಕೊಡಬೇಕು. ಇಷ್ಟೆಲ್ಲಾ ಕಾದ ಮೇಲೂ ಅವರು ಏನೂ ಹೇಳದೆ ಇರಬಹುದು. ಅಲ್ಲಿ ಮಾಹಿತಿ ರಕ್ಷಣೆಯ ನಿಯಮ ಬಿಗಿ. ಹದಿನೆಂಟು ದಾಟಿದ ಮಗಳ ವಿಷಯ ತಾಯಿ ತಂದೆಗೂ ಸುಮ್ನೆ ಹೇಳುವುದಿಲ್ಲ. ಮಗಳ ಸಹಿ ಇರುವ ಒಪ್ಪಿಗೆ ಪತ್ರವನ್ನು ಮೊದಲೇ ಕಳಿಸಿಡಿ. ಜರ್ಮನ್‌ನಲ್ಲಿ ಅದಕ್ಕೆ ಫೋಲ್‌ಮಾಖ್ಟ್ ಅನ್ನುತ್ತಾರೆ. ಇದಕ್ಕಿಂತ ಸುಲಭದ್ದು, ಮಗಳೇ ತನ್ನ ಅಲ್ಲಿನ ಸಿಮ್‌ನಿಂದ ಕರೆ ಮಾಡಲಿ. ನೀವು ಕೇಳಬೇಕಾದ್ದನ್ನು ಅವಳಿಗೆ ಬರೆದು ಕೊಡಿ. ಅಲ್ಲಿನವರಿಗೆ ಉಚಿತವಾದ 0800 ನಂಬರ್‌ಗಳು ಹೊರದೇಶದಿಂದ ಎಷ್ಟೋ ಸಲ ಸಿಗುವುದೇ ಇಲ್ಲ. ಅವರ ವೆಬ್‌ಸೈಟಿನಲ್ಲಿ ಹೊರದೇಶದವರಿಗೆ ಬೇರೆ ನಂಬರ್ ಇದೆಯಾ ಹುಡುಕಿ.

ಈಗ ನಾನು ಪಟ್ಟ ಪಾಡು ಹೇಳುತ್ತೇನೆ. ಶಾರ್ಜಾದಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಆ ದೇಶದಲ್ಲಿ ಅದನ್ನು ತಡೆದಿದ್ದಾರೆ. ಅಲ್ಲಿ ಅನುಮತಿ ಇರುವ ಬೋಟಿಮ್ ಆ್ಯಪ್ ಮೇಲೆ ತಮ್ಮನ ಜೊತೆ ಮಾತಾಡುತ್ತಿದ್ದೆ. ಒಂದು ಮಳೆಗಾಲದ ರಾತ್ರಿ ಅವನ ರೂಮಿನವರಿಂದ ಮೆಸೇಜ್ ಬಂತು, ಅವನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ. ಅಷ್ಟರಲ್ಲಿ ಕರೆಂಟ್ ಹೋಯಿತು, ನೆಟ್ ಹೋಯಿತು. ಇನ್ನೊಂದು ಆ್ಯಪ್‌ನಲ್ಲಿ ದುಡ್ಡಿತ್ತು, ಏನು ಪ್ರಯೋಜನ? ಮೊಬೈಲಿನಿಂದ ನೇರವಾಗಿ ಹಚ್ಚಿದರೆ ಐಎಸ್‌ಡಿ ಚಾಲೂ ಆಗಿರಲಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಫೋನಿನಿಂದ ಮಾತಾಡಿದೆ. ಅಪೆಂಡಿಕ್ಸ್ ನೋವು, ಆಪರೇಷನ್ ಆಗಿ ಹುಷಾರಾದ. ಆದರೆ ಆ ಅರ್ಧ ಗಂಟೆ ನನಗೆ ಇನ್ನೂ ನೆನಪಿದೆ. ದಯವಿಟ್ಟು ನಿಮ್ಮ ಮೊಬೈಲಿನಲ್ಲಿ ಐಎಸ್‌ಡಿ ಚಾಲೂ ಮಾಡಿಸಿ, ಸ್ವಲ್ಪ ಬ್ಯಾಲೆನ್ಸ್ ಇಟ್ಟಿರಿ. ನಿಮಿಷಕ್ಕೆ ಎಷ್ಟಾದರೂ ಆಗಲಿ, ಅದು ಕಷ್ಟದ ರಾತ್ರಿಗೆ. ಅಪರಿಚಿತ ಹೊರದೇಶದ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ಮಾತ್ರ ತಿರುಗಿ ಮಾಡಬೇಡಿ, ದುಬಾರಿ ನಂಬರಿಗೆ ಸಿಕ್ಕಿಸುವ ಮೋಸ ಅದು.

ಇವತ್ತೇ ಮಾಡಬೇಕಾದ್ದು ಇಷ್ಟು. ಹಾಸ್ಟೆಲ್ ಆಫೀಸಿನ ನಂಬರನ್ನು ಪ್ಲಸ್ 49 ಹಾಕಿ, ಊರಿನ ಕೋಡಿನ ಮುಂದಿನ ಸೊನ್ನೆ ತೆಗೆದು ಸೇವ್ ಮಾಡಿ. 089 ಇದ್ದರೆ ಪ್ಲಸ್ 49 89 ಆಗುತ್ತದೆ. ಅಲ್ಲಿನ ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆಫೀಸ್ ತೆರೆದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ ಇಲ್ಲವೇ ಒಂದೂವರೆ. ತೆರೆದ ಕೂಡಲೇ ಹಚ್ಚಿ, ಆಗ ಕಾಯುವವರು ಕಮ್ಮಿ ಇರುತ್ತಾರೆ.